ಮನೋಧರ್ಮಕ್ಕೆ ಮುಂಗಡ ಅರ್ಜಿ

ಹಳೇಕಾಲದ ಹೆಂಗಸರು ಗಂಡನ ಹೆಸರು ಹೇಳದೆ 'ನಮ್ಮನೆಯವರು' ಅಂದು ಮುಗಿಸುತ್ತಿದ್ದರಲ್ಲ, ಅಮೆರಿಕದ ವಿಶ್ವವಿದ್ಯಾಲಯಗಳು ಜಾಝ್ ಸಂಗೀತವನ್ನು ಮನೆತುಂಬಿಸಿಕೊಂಡದ್ದೂ ಹಾಗೆಯೇ. ಟೆಕ್ಸಾಸಿನ ಡೆಂಟನ್‌ನಲ್ಲಿದ್ದ ಶಿಕ್ಷಕರ ಕಾಲೇಜು, ಅಂದರೆ ಇಂದಿನ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್, 1947ರಲ್ಲಿ ದೇಶದ ಮೊದಲ ಜಾಝ್ ಪದವಿ ಕೋರ್ಸು ತೆರೆಯಿತು. ಕೋರ್ಸಿನ ಹೆಸರು ಮಾತ್ರ 'ಡಾನ್ಸ್ ಬ್ಯಾಂಡ್'. ಜಾಝ್ ಎಂಬ ಪದಕ್ಕೆ ಆಗಿನ್ನೂ ಕಡತದೊಳಗೆ ಕೂರುವಷ್ಟು ಮರ್ಯಾದೆ ಬಂದಿರಲಿಲ್ಲ. 1944ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆ ಸೇರಿದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮರುವರ್ಷವೇ ಬಿಟ್ಟು ಕ್ಲಬ್ಬುಗಳ ದಾರಿ ಹಿಡಿದರು. ಅದೇ ಜೂಲಿಯಾರ್ಡ್ 2001ರಲ್ಲಿ ಜಾಝ್ ಕೋರ್ಸು ಶುರುಮಾಡಿತು. ಬಿಟ್ಟುಹೋದ ಹುಡುಗ ನುಡಿಸಿದ್ದೇ ಈಗ ಪಾಠ.

ನಾಚಿಕೆಯೇನೋ ಹೋಯಿತು, ಆ ಜಾಗಕ್ಕೆ ಅರ್ಜಿ ನಮೂನೆ ಬಂತು.

ಆ ಗಳಿಗೆಗೆ ಹೊಳೆದದ್ದನ್ನು ಆ ಗಳಿಗೆಯಲ್ಲೇ ನುಡಿಸುವುದು ಜಾಝ್. ನಮ್ಮ ಸಂಗೀತ ಕಛೇರಿಯ ಭಾಷೆಯಲ್ಲಿ ಮನೋಧರ್ಮ. ವಿಶ್ವವಿದ್ಯಾಲಯದಲ್ಲಿ ಆ ಗಳಿಗೆ ಯಾವುದು ಎಂದು ಸೆಮಿಸ್ಟರ್ ಆರಂಭದಲ್ಲೇ ಗೊತ್ತುಮಾಡಿ ಹಾಲ್ ಕಾದಿರಿಸಬೇಕು. ಸಾಮಾನ್ಯವಾಗಿ ಮೂರನೇ ವರ್ಷದವರ ರಿಸೈಟಲಿಗೆ, ಅಂದರೆ ವಿದ್ಯಾರ್ಥಿಯ ಕಛೇರಿಗೆ, ಅರ್ಧ ಗಂಟೆ, ಕೊನೆಯ ವರ್ಷದವರಿಗೆ ಒಂದು ಗಂಟೆ. ಕೆಲವು ವಾರ ಮುಂಚೆ ಅಧ್ಯಾಪಕರ ಮುಂದೆ 'ಹಿಯರಿಂಗ್' ನಡೆಯುತ್ತದೆ. ಅದರಲ್ಲಿ ಪಾಸಾದವರಿಗೆ ಮಾತ್ರ ತತ್‌ಕ್ಷಣದ ಸ್ಫೂರ್ತಿಗೆ ಅನುಮತಿ. ಏನೇನು ನುಡಿಸಬೇಕೆಂಬುದೂ ಮದುವೆಮನೆಯ ಬಾಳೆಎಲೆಯಂತೆ ನಿಗದಿ: ಒಂದು ಬ್ಲೂಸ್, ಒಂದು ನಿಧಾನದ ಬ್ಯಾಲಡ್, ಒಂದು ಬಾಸಾ ನೋವಾ, ಉಸಿರು ಬಿಡದಂಥ ಒಂದು ಬೀಬಾಪ್, ಮೇಲೊಂದು ಸ್ವಂತ ರಚನೆ. ಸ್ವಂತ ರಚನೆ ಏಳೆಣಿಕೆಯ ತಾಳದಲ್ಲೇ ಇರಬೇಕೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಅದು ಏಳರಲ್ಲೇ ಹುಟ್ಟುತ್ತದೆ. ಮಿಶ್ರಛಾಪಿನಲ್ಲಿ ತೊಟ್ಟಿಲು ತೂಗುವ ನಮ್ಮವರಿಗೆ ಇದರಲ್ಲಿ ಸಾಹಸವೇನೆಂದು ತಿಳಿಯದೆ ಹೋದರೆ ಅದು ನಮ್ಮವರ ತಪ್ಪಲ್ಲ.

ಇಷ್ಟೆಲ್ಲ ಕಟ್ಟುಮಾಡಿದರೂ ಸ್ಫೂರ್ತಿ ಕೈಕೊಡುತ್ತದೆ. ಮೊದಲ ಎಡವಟ್ಟು ಎಣಿಕೆಯಲ್ಲಿ. ಮನೆಯಲ್ಲಿ ನಿಮಿಷಕ್ಕೆ 220 ಬಡಿತದಲ್ಲಿ ತಿದ್ದಿದ್ದನ್ನು ವೇದಿಕೆಯ ಮೇಲೆ ಎದೆಬಡಿತಕ್ಕೆ ತಕ್ಕಂತೆ 'ಒನ್, ಟೂ' ಎಂದು 260ಕ್ಕೆ ಎತ್ತಿಬಿಡುತ್ತಾರೆ. ಎಂಟನೇ ಬಾರ್, ಅಂದರೆ ತಾಳದ ಎಂಟನೇ ಆವರ್ತ, ದಾಟುವಷ್ಟರಲ್ಲಿ ಬೆರಳು ಶರಣು. ಮದ್ದು ಸುಲಭ: ಧಾಟಿಯ ಅತಿ ಕಷ್ಟದ ಎರಡು ಬಾರ್‌ಗಳನ್ನು ಮನಸ್ಸಿನಲ್ಲೇ ಗುನುಗಿ, ಅದು ಸಲೀಸಾಗಿ ಬರುವ ವೇಗವನ್ನೇ ಎಣಿಸಬೇಕು.

ಎರಡನೆಯದು ಡ್ರಮ್ಮರಿನ ಸರದಿ. ಉಳಿದವರು ನಾಲ್ಕು ಬಾರ್, ಡ್ರಮ್ಮರ್ ನಾಲ್ಕು ಬಾರ್, ಹೀಗೆ ಸವಾಲ್ ಜವಾಬಿನಂತೆ 32 ಬಾರ್‌ಗಳ ಸುತ್ತು ತುಂಬಬೇಕು. ಒಂದು ಕಡೆ ಮೂರೂವರೆ ಬಾರ್ ಬಿದ್ದರೆ ಸಾಕು, ಸ್ಯಾಕ್ಸೊಫೋನಿನವರು ಒಂದು ಕಡೆ ಬಂದು ಬೀಳುತ್ತಾರೆ, ಮಂದ್ರದನಿಯ ಬೇಸ್ ವಾದ್ಯದವರು ಇನ್ನೊಂದು ಕಡೆ. ಎಲ್ಲರೂ ಪಿಯಾನೊದವರ ಮುಖ ನೋಡುತ್ತಾರೆ, ಪಿಯಾನೊದವರು ಮೇಲೆ ಫ್ಯಾನ್ ಇದೆಯೇ ಎಂದು ಹುಡುಕುತ್ತಾರೆ. ಬೆರಳೆಣಿಸುತ್ತ ಕೂತದ್ದೇ ಇದಕ್ಕೆ ಕಾರಣ. ಒಳಗೊಳಗೇ ಹಾಡು ಗುನುಗುತ್ತ ಬಾರಿಸುವ ಡ್ರಮ್ಮರ್ ದಾರಿ ತಪ್ಪುವುದು ಅಪರೂಪ.

ಮೂರನೆಯದು ಹಾಲ್. ತಂತಿವಾದ್ಯಗಳು ಚೆನ್ನಾಗಿ ಗುಂಯ್‌ಗುಡಲೆಂದು ಕಟ್ಟಿದ ಸಭಾಂಗಣದಲ್ಲಿ ಬೇಸಿನ ಒಂದು ಸ್ವರ ಆರುವ ಮೊದಲೇ ಇನ್ನೆರಡು ಬಂದು ಮೇಲೆ ಕೂರುತ್ತವೆ. ಡ್ರಮ್ಸಿನ ಕೆಳಗೆ ದಪ್ಪ ಜಮಖಾನ ಹಾಸಿ, ಬೇಸಿನ ಆಂಪ್ಲಿಫೈಯರನ್ನು ನೆಲದಿಂದೆತ್ತಿ ಕುರ್ಚಿಯ ಮೇಲಿಟ್ಟು, ದನಿ ತಗ್ಗಿಸಿದರೆ ಅರ್ಧ ರೋಗ ವಾಸಿ. ಉಳಿದರ್ಧಕ್ಕೆ ಹಾಲನ್ನೇ ಕೆಡವಬೇಕು. ಅದಕ್ಕೂ ಬೇರೆ ನಮೂನೆ ಇರಬಹುದು.

ಇನ್ನು ರಸಿಕರು. ಹಲವು ಸಂಗೀತ ಕಾಲೇಜುಗಳಲ್ಲಿ 'ರಿಸೈಟಲ್ ಹಾಜರಿ' ಎಂಬುದೇ ಒಂದು ಕೋರ್ಸು, ಕ್ರೆಡಿಟ್ ಸೊನ್ನೆ. ಸೊನ್ನೆ ಕ್ರೆಡಿಟ್ಟಾದರೂ ಪಾಸಾಗದಿದ್ದರೆ ಪದವಿ ಇಲ್ಲ. ಬಾಗಿಲಲ್ಲಿ ಕಾರ್ಡ್ ಉಜ್ಜಿ ಒಳಗೆ ಬರಬೇಕು. ಬರೀ ಒಳಬರುವಾಗ ಉಜ್ಜಿಸಿಕೊಂಡರೆ ಎರಡನೇ ಹಾಡಿಗೆ ಹಾಲ್ ಖಾಲಿ, ಹೊರಹೋಗುವಾಗಲೂ ಉಜ್ಜಿಸಿಕೊಂಡರೆ ಕೊನೆಯ ಸಾಲಿನಲ್ಲಿ ಹೋಂವರ್ಕ್. ಪ್ರತಿ ಸೋಲೊ, ಅಂದರೆ ಒಬ್ಬೊಬ್ಬರ ಒಂಟಿ ಸರದಿ, ಮುಗಿದಾಗಲೂ ಚಪ್ಪಾಳೆ ತಟ್ಟುವುದು ಸಂಪ್ರದಾಯ, ಹಾಗಾಗಿ ತಲೆಯೆತ್ತದೆಯೂ ತಟ್ಟುತ್ತಾರೆ.

ಪಕ್ಕದ ಕಟ್ಟಡದಲ್ಲಿ ಸಂಶೋಧನೆ ನಡೆಯುತ್ತದೆ. ಎರಡು ಕಟ್ಟಡಗಳ ನಡುವೆ ಹತ್ತು ಹೆಜ್ಜೆ ದೂರ, ನೀತಿಗಳ ನಡುವೆ ಏಳು ಸಮುದ್ರ. ಜಾಝ್ ತರಗತಿಯಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಸೋಲೊವನ್ನು ಸ್ವರಕ್ಕೆ ಸ್ವರ, ಉಸಿರಿಗೆ ಉಸಿರು ನಕಲು ಮಾಡಿ, ಹನ್ನೆರಡು ಶ್ರುತಿಗಳಲ್ಲೂ ಒಪ್ಪಿಸಿದರೆ 'ಎ' ಗ್ರೇಡು. ಅದೇ ಹುಡುಗ ಆಚೆ ಹೋಗಿ ಪ್ರಬಂಧದಲ್ಲಿ ಹೀಗೆ ಮಾಡಿದರೆ ಶಿಸ್ತು ಸಮಿತಿ. ನಮ್ಮ ಕಡೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪ್ರಬಂಧಗಳ ನಕಲಿಗೆ 2018ರಲ್ಲೇ ಲೆಕ್ಕ ಹಾಕಿಟ್ಟಿದೆ: ಸತತ 14 ಪದಗಳವರೆಗಿನ ಹೋಲಿಕೆ ಕಾಕತಾಳೀಯ, ಶೇಕಡಾ 10ರವರೆಗೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಪಾರ್ಕರ್ ಪಾಠ ಒಪ್ಪಿಸುವ ಹುಡುಗನದು 100.

ಜಾಝ್ ವಿದ್ಯಾರ್ಥಿಗಳ ಪವಿತ್ರ ಗ್ರಂಥ 'ರಿಯಲ್ ಬುಕ್'ನ ಕುಲ ಕೇಳುವುದೂ ಬೇಡ. 1970ರ ದಶಕದಲ್ಲಿ ಬಾಸ್ಟನ್ನಿನ ಬರ್ಕ್ಲೀ ಕಾಲೇಜಿನ ವಿದ್ಯಾರ್ಥಿಗಳು ಯಾರ ಅನುಮತಿಯೂ ಇಲ್ಲದೆ ಕೈಬರಹದಲ್ಲಿ ಹಾಡುಗಳನ್ನು ಇಳಿಸಿ, ಜೆರಾಕ್ಸ್ ಮಾಡಿ, ಕದ್ದುಮುಚ್ಚಿ ಮಾರಿದ ಪುಸ್ತಕ ಅದು. ತಪ್ಪಾಗಿ ಬರೆದ ಸ್ವರಗುಚ್ಛಗಳೂ ಅದರಲ್ಲಿದ್ದವು. ತಲೆಮಾರುಗಳು ಆ ತಪ್ಪುಗಳನ್ನೇ ಶ್ರದ್ಧೆಯಿಂದ ಅಭ್ಯಾಸ ಮಾಡಿದವು. 2004ರಲ್ಲಿ ಹ್ಯಾಲ್ ಲೆನಾರ್ಡ್ ಸಂಸ್ಥೆ ಹಕ್ಕು ಪಡೆದು ಕಾನೂನುಬದ್ಧವಾಗಿ ಅಚ್ಚುಹಾಕಿದಾಗ ಮುಖಪುಟದಲ್ಲಿ 'ಆರನೆಯ ಆವೃತ್ತಿ' ಎಂದಿತ್ತು. ಹಿಂದಿನ ಐದೂ ಕಳ್ಳ ಮುದ್ರಣಗಳು. ಕಳವಿಗೂ ಆವೃತ್ತಿ ಸಂಖ್ಯೆ ಕೊಟ್ಟು ಗೌರವಿಸಿದ ಉದಾರತೆ ಯಾವ ಪಿಎಚ್‌ಡಿ ಗೈಡಿಗಿದೆ?

ಹೀಗೆ ಮನೋಧರ್ಮ ಬೇಕಾದಲ್ಲಿ ಮುಂಗಡ ಪಟ್ಟಿ ಕೇಳುವ ವಿಶ್ವವಿದ್ಯಾಲಯದಲ್ಲಿ, ಮುಂಗಡ ಪಟ್ಟಿ ಬೇಕಾದಲ್ಲಿ ಮನೋಧರ್ಮ ನಡೆಯುತ್ತದೆ. ಅನುದಾನದ ಅರ್ಜಿಯಲ್ಲಿ 'ನಿರೀಕ್ಷಿತ ಫಲಿತಾಂಶ' ಎಂಬ ಕಲಂ ಇರುತ್ತದೆ. ಅಲ್ಲಿ ಏನೋ ಒಂದು ಬರೆದು, ದತ್ತಾಂಶ ಕೈಗೆ ಬಂದಮೇಲೆ ರಾಗ ಬದಲಿಸುವವರಿದ್ದಾರೆ. ಸಿಕ್ಕ ಉತ್ತರಕ್ಕೆ ತಕ್ಕ ಪ್ರಶ್ನೆಯನ್ನು ಆಮೇಲೆ ಹೆಣೆದು, ಇದನ್ನೇ ಹುಡುಕುತ್ತಿದ್ದೆವು ಎಂದು ಪೀಠಿಕೆ ಬರೆಯುತ್ತಾರೆ. 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಮತ್ತು ಸಂಗಡಿಗರು ಬೇಕೆಂದೇ ಇದನ್ನು ಮಾಡಿ ತೋರಿಸಿದರು. 15 ಜನರ ಮೇಲೆ ತೂಕ, ಕೊಲೆಸ್ಟರಾಲ್, ನಿದ್ದೆ ಎಂದು 18 ಬಗೆಯ ಅಳತೆ. 0.05ರ ಗೆರೆ, ಅಂದರೆ ಬರೀ ಆಕಸ್ಮಿಕಕ್ಕೆ ಅಳತೆಯೊಂದಕ್ಕೆ ಶೇಕಡಾ 5ರ ಅವಕಾಶ, ಹಾಕಿಕೊಂಡು ಒಂದಕ್ಕೊಂದು ಸಂಬಂಧವಿಲ್ಲದ 18 ಅಳತೆ ನೋಡಿದರೆ, ಏನೂ ಇಲ್ಲದಿದ್ದರೂ ಒಂದಾದರೂ 'ಮಹತ್ವದ ಫಲಿತಾಂಶ' ಸಿಗುವ ಸಂಭವ ಶೇಕಡಾ 60. ಸಿಕ್ಕಿತು: ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ! ದುಡ್ಡು ಕಟ್ಟಿಸಿಕೊಂಡು ಜರ್ನಲ್ ಅಚ್ಚುಹಾಕಿತು, ಪತ್ರಿಕೆಗಳು ಬಾಯಿ ಚಪ್ಪರಿಸಿದವು. ಇಲ್ಲಿ ಹಿಯರಿಂಗ್ ಕೇಳಿದವರಿಲ್ಲ.

ಅದಕ್ಕೂ ಮುಂಚೆ ಅಮೆರಿಕದ ಮಿದುಳು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರಿಗೆ ಯಾವ ಭಾವನೆ ಆಗಿರಬಹುದೆಂದು ಕೇಳಿದ್ದರು. ಮಿದುಳಿನ ಚಿತ್ರದ ಸಾವಿರಾರು ಚುಕ್ಕಿಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟು ಲೆಕ್ಕ ಹಾಕಿದಾಗ ಮೀನಿನ ಮಿದುಳಿನಲ್ಲಿ ಚಟುವಟಿಕೆ ಕಾಣಿಸಿತು. ತಿದ್ದುಪಡಿ ಸೇರಿಸಿದಾಗ ಮೀನು ಮತ್ತೆ ಸತ್ತಿತು. ಎಚ್ಚರಿಕೆಗೆಂದೇ ಮಾಡಿದ ಈ ಪ್ರಯೋಗಕ್ಕೆ 2012ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಯ ಬಹುಮಾನ, ಬಂತು.

ಎರಡೂ ಕಟ್ಟಡಗಳು ಕೂಡಿ ಮಾಡಬಹುದಾದ ಕೆಲಸವೊಂದು ಬಾಕಿಯಿದೆ. ಶುಕ್ರವಾರ ಸಂಜೆ ಕಾರ್ಡ್ ಉಜ್ಜಿ ಕೊನೆಯ ಸಾಲಿನಲ್ಲಿ ಕೂತವರನ್ನು ಅದೇ ಯಂತ್ರದೊಳಗೆ ಮಲಗಿಸಿ, ಏಳೆಣಿಕೆಯ ಸ್ವಂತ ರಚನೆ ಕೇಳಿಸಿ, ಮೀನಿಗಿಂತ ಹೆಚ್ಚು ಚುಕ್ಕಿ ಬೆಳಗುತ್ತದೆಯೇ ನೋಡುವುದು. ಸ್ವಯಂಸೇವಕರಿಗೆ ಬರವಿಲ್ಲ, ಎರಡು ಹಾಜರಿ ಕೊಟ್ಟರಾಯಿತು.