ರೆಜಿ ವೈಟ್ ನೆನಪಾದಾಗ ದೂರ ನಿಲ್ಲಿ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಐವತ್ತು ದಾಟಿದವರ ಎದುರು ಫುಟ್‌ಬಾಲ್ ಆಟಗಾರ ರೆಜಿ ವೈಟ್ ಹೆಸರೆತ್ತುವ ಮುಂಚೆ ಕೈಯಲ್ಲಿರುವ ಕಾಫಿ ಲೋಟ ಕೆಳಗಿಡಿ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಿಂದುಗಡೆ ಗಾಜಿನ ಬಾಗಿಲು, ಹೂಕುಂಡ, ಊರಿಂದ ಬಂದ ಅತ್ತೆ ಮಾವ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಯಾಕಂದ್ರೆ ಇಲ್ಲಿಯ ಜನಕ್ಕೆ ಅವನ ನೆನಪು ಬಾಯಲ್ಲಿ ಬರುವುದಿಲ್ಲ, ಕೈಯಲ್ಲಿ ಬರುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಹೆಸರು, ದುಡ್ಡು, ಶಾಂಪೂ ಜಾಹೀರಾತು ಎಲ್ಲ ಅವನಿಗೇ. ಅವನನ್ನು ಕಾಯಲು ಮುಂದೆ ಐದು ಜನ ದೈತ್ಯರು ಗೋಡೆ ಕಟ್ಟಿ ನಿಂತಿರುತ್ತಾರೆ. ಆ ಗೋಡೆ ಒಡೆದು ನುಗ್ಗಿ, ಚೆಂಡು ಕೈಬಿಡುವ ಮುಂಚೆಯೇ ಅವನನ್ನು ನೆಲಕ್ಕೆ ಕೆಡವುವುದು ಎದುರು ಪಾಳಯದ ಡಿಫೆನ್ಸಿವ್ ಲೈನ್‌ನವರ ಕೆಲಸ. ಹಾಗೆ ಕೆಡವಿದರೆ ಒಂದು ಸ್ಯಾಕ್. ರೆಜಿ ವೈಟ್ ಅಲ್ಲಿಯ ದೊಡ್ಡ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಮಾಡಿದ್ದು 198. ಅವನು ಆಟ ಬಿಟ್ಟಾಗ ಅದೇ ದಾಖಲೆ. ಆಮೇಲೆ ಬ್ರೂಸ್ ಸ್ಮಿತ್ ಅನ್ನುವವರು 200 ಮಾಡಿದರು. ಈ ಮಾತನ್ನು ನಮ್ಮ ಪಕ್ಕದ ಮನೆ ಯಜಮಾನರ ಮುಂದೆ ಆಡಬಾರದು. ಅದಕ್ಕೂ ಮುಂಚೆ ಯುಎಸ್‌ಎಫ್‌ಎಲ್ ಅನ್ನುವ ಇನ್ನೊಂದು ಲೀಗಿನಲ್ಲಿ ಮೆಂಫಿಸ್ ಪರವಾಗಿ ಎರಡು ವರ್ಷ ಆಡಿದ್ದನಲ್ಲ, ಅದನ್ನ ನಿಮ್ಮಪ್ಪ ಲೆಕ್ಕಕ್ಕೆ ತಗೋತಾನಾ ಅನ್ನುವ ಧಾಟಿಯಲ್ಲಿ ಶುರುಮಾಡುತ್ತಾರೆ. ಮಾತು ಶುರುವಾದರೆ ಕೈಯೂ ಶುರುವಾಯಿತು ಅಂತಲೇ ಅರ್ಥ.

ಈ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಂಡಿಯೊಂದು ಆಪರೇಷನ್ ಆಗಿದೆ. ರೆಜಿ ವೈಟ್ ಆಡಿದ್ದ ಇಲ್ಲಿಯ ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಇವರೂ ಒಬ್ಬ ಮಾಲೀಕರು. ಗಾಬರಿಯಾಗಬೇಡಿ, ಆ ತಂಡಕ್ಕೆ ಲಕ್ಷಗಟ್ಟಲೆ ಜನ ಮಾಲೀಕರಿದ್ದಾರೆ. ಷೇರು ಕೊಂಡರೆ ಲಾಭಾಂಶ ಬರುವುದಿಲ್ಲ, ಮಾರುವ ಹಾಗೂ ಇಲ್ಲ, ಗೋಡೆಗೆ ಮೊಳೆ ಹೊಡೆದು ಫ್ರೇಮ್ ತೂಗುಹಾಕಬಹುದು ಅಷ್ಟೇ. ಇವರು ಹಾಕಿದ್ದಾರೆ, ದೇವರ ಫೋಟೋಗಿಂತ ಒಂದು ಗೇಣು ಮೇಲೆ.

ಅವತ್ತು ನಮ್ಮಮ್ಮ ತುಮಕೂರಿಂದ ಬಂದಿದ್ದರು. ನಾನು ಮನೆ ಮುಂದೆ ಹಿಮ ಗೋರುತ್ತಿದ್ದೆ. ಸುಮ್ನೆ ಇರಲಾರದೆ, ರೆಜಿ ವೈಟ್ ಅಷ್ಟು ದಪ್ಪ ಇದ್ದು ಅದು ಹೇಗೆ ಓಡ್ತಿದ್ದ ಅಂತ ಕೇಳಿದೆ. ಯಜಮಾನರ ಕಣ್ಣು ಹೊಳೆಯಿತು. 'ಬಾ, ಇಲ್ಲಿ ನಿಲ್ಲು. ನೀನು ಲ್ಯಾರಿ ಅಲೆನ್' ಅಂದರು. ಲ್ಯಾರಿ ಅಲೆನ್ ಅಂದರೆ ಡಲ್ಲಾಸ್ ಕೌಬಾಯ್ಸ್ ತಂಡದ ಗೋಡೆ, ತೂಕ ಸುಮಾರು 147 ಕಿಲೋ. ನಾನು ಸ್ವೆಟರ್, ಬೂಟು ಎಲ್ಲ ಸೇರಿ ಅದರ ಅರ್ಧ ಮುಟ್ಟಿದರೆ ಪುಣ್ಯ.

ಅವರು ಹೇಳಿಕೊಟ್ಟ ಪ್ರಕಾರ ಪಟ್ಟು ಹೀಗಿದೆ. ಮೊದಲು ಹೊರಗಡೆಯಿಂದ ಸುತ್ತಿಕೊಂಡು ಹೋಗುವವನ ಹಾಗೆ ಜೋರಾಗಿ ಓಡಬೇಕು. ತಡೆಯುವವನು ಗಾಬರಿಯಾಗಿ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಆ ಕಡೆ ವಾಲುತ್ತಾನೆ, ಭಾರವೆಲ್ಲ ಹಿಮ್ಮಡಿಗೆ ಬರುತ್ತದೆ. ಆ ಒಂದು ಕ್ಷಣ ಸಾಕು. ಒಳಗಿನ ಕೈಯನ್ನು ಅವನ ಕಂಕುಳಿಗೆ ತೂರಿಸಿ ಮೇಲಕ್ಕೆ ಎತ್ತಿ ಆಚೆ ಬಿಸಾಕಬೇಕು. ಇದಕ್ಕೆ ಹಂಪ್ ಮೂವ್ ಅಂತಾರೆ. ಲ್ಯಾರಿ ಅಲೆನ್‌ನಂಥವನು ಇದಕ್ಕೆ ಸಿಕ್ಕಿ ಹಾರಿಹೋಗಿದ್ದನ್ನು ಈಗಲೂ ಜನ ವಿಡಿಯೋದಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರೆ. ನಾನು ಹಾರಿಹೋಗಿದ್ದನ್ನು ನೋಡಿದ್ದು ಅಮ್ಮ ಮಾತ್ರ. ನಾನೇ ಗುಡ್ಡೆ ಮಾಡಿದ ಹಿಮದೊಳಗೆ ತಲೆಕೆಳಗಾಗಿದ್ದೆ. ಗೋರುವ ಸಲಿಕೆ ಹೋಗಿ ಅವರದೇ ಕಾರಿನ ಕನ್ನಡಿಗೆ ಬಡಿಯಿತು. ಯಜಮಾನರು ಮಂಡಿ ಒಮ್ಮೆ ಹಿಡಿದುಕೊಂಡು, ಆಮೇಲೆ ಎರಡೂ ಕೈ ಮೇಲೆತ್ತಿ ಯಾವುದೋ ಹಳೇ ಕಾಲದ ಪ್ರೇಕ್ಷಕರಿಗೆ ನಮಸ್ಕಾರ ಮಾಡುತ್ತಿದ್ದರು.

ಅಮ್ಮ ಕಿಟಕಿ ಸರಿಸಿ, 'ಎದ್ದೇಳೋ, ಇದು ದಸರಾ ಕುಸ್ತೀಲಿ ಹಾಕೋ ಪಟ್ಟೇ ಅಲ್ವೇನೋ, ಅವರಿಗೆ ಒಂದು ಲೋಟ ಬಾದಾಮಿ ಹಾಲು ಕೊಡ್ಲಾ?' ಅಂದರು. ಬಿದ್ದ ಮಗನಿಗೆ ಏನು ಕೊಡುತ್ತಾರೆ ಅಂತ ಹೇಳಲಿಲ್ಲ.

ಕಟಿಂಗ್ ಅಂಗಡಿಯ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಕ್ಷೌರ ಮಾಡುವವರು ಬಾಯಿ ಬಿಡದ ಮನುಷ್ಯ. ಆವತ್ತು ಟಿವಿಯಲ್ಲಿ ಹಳೆಯ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ಪಂದ್ಯ, ತೋರಿಸುತ್ತಿದ್ದರು. 1997ರ ಜನವರಿ, ನ್ಯೂ ಆರ್ಲಿಯನ್ಸ್, ಪ್ಯಾಕರ್ಸ್ ಎದುರು ಪೇಟ್ರಿಯಟ್ಸ್. ಪ್ಯಾಕರ್ಸ್‌ನ ಡೆಸ್ಮಂಡ್ ಹೊವಾರ್ಡ್ ಚೆಂಡು ಹಿಡಿದು 99 ಗಜ ಓಡಿ ಬಂದ ಕೂಡಲೇ ರೆಜಿ ವೈಟ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋನನ್ನು ಬೆನ್ನುಬೆನ್ನಿಗೆ ಎರಡು ಸಲ ಕೆಡವಿದ. ಮೊದಲನೇ ಸಲ ಕೆಡವಿದಾಗ ನನ್ನ ಬಲಗಡೆ ಕೃದಾ ಹೋಯಿತು. ಎರಡನೇ ಸಲಕ್ಕೆ ಕಿವಿ ಮೇಲಿನ ಒಂದು ಪಟ್ಟೆ ಹೋಯಿತು. 'ಸಾರಿ, ಸಾರಿ' ಅಂದರು, ಆದರೆ ಕಣ್ಣು ಇನ್ನೂ ಟಿವಿ ಮೇಲೇ ಇತ್ತು. ಆ ಪಂದ್ಯದಲ್ಲಿ ಅವನದು ಒಟ್ಟು ಮೂರು ಸ್ಯಾಕ್ ಅಂತ ನನಗೆ ಗೊತ್ತಿತ್ತು. ಮೂರನೆಯದು ಇನ್ನೂ ಬಾಕಿ ಇತ್ತು. ದುಡ್ಡಿಟ್ಟು, ಟೋಪಿ ಹಾಕಿಕೊಂಡು ಹೊರಗೆ ಬಂದುಬಿಟ್ಟೆ. ಪ್ಯಾಕರ್ಸ್ 35-21ಕ್ಕೆ ಗೆದ್ದರಂತೆ, 29 ವರ್ಷದ ಮೇಲೆ ಬಂದ ಕಪ್. ಆ ಲೆಕ್ಕದಲ್ಲಿ ನನ್ನ ಕೃದಾ ಯಾವ ಮಹಾ.

ಇವರಿಗೆ ಅವನ ಮೇಲೆ ಇಷ್ಟು ಪ್ರೀತಿ ಬರೀ ಆಟಕ್ಕೆ ಅಲ್ಲ. 1993ರಲ್ಲಿ ಆಟಗಾರರು ಬೇಕಾದ ತಂಡ ಆರಿಸಿಕೊಳ್ಳುವ ಹಕ್ಕು ಬಂತು. ಆ ಹಕ್ಕಿಗಾಗಿ ಲೀಗಿನ ಮೇಲೆ ಹಾಕಿದ ದಾವೆಯೇ ರೆಜಿ ವೈಟ್ ಹೆಸರಿನಲ್ಲಿತ್ತು. ದೊಡ್ಡ ದೊಡ್ಡ ಊರಿನವರೆಲ್ಲ ಕೆಂಪುಹಾಸು ಹಾಸಿ ಕರೆದರು. ಗ್ರೀನ್ ಬೇ ಅಂದರೆ ಒಂದು ಲಕ್ಷ ಜನರ ಊರು, ವರ್ಷದಲ್ಲಿ ಅರ್ಧ ಹಿಮ, ಮಿಕ್ಕ ಅರ್ಧ ಹಿಮದ ಮಾತು. ಇವನು ಪಾದ್ರಿಯೂ ಹೌದು, ಹದಿನೇಳಕ್ಕೇ ದೀಕ್ಷೆ ತಗೊಂಡವನು, ದೇವರು ಎಲ್ಲಿಗೆ ಹೋಗು ಅಂತಾನೋ ಅಲ್ಲಿಗೆ ಹೋಗ್ತೀನಿ ಅಂತಿದ್ದ. ಆಗ ಪ್ಯಾಕರ್ಸ್ ಕೋಚ್ ಮೈಕ್ ಹೋಮ್‌ಗ್ರೆನ್ ಅವನ ಫೋನಿಗೆ 'ರೆಜಿ, ನಾನು ದೇವರು ಮಾತಾಡ್ತಿರೋದು, ಗ್ರೀನ್ ಬೇಗೆ ಬಾ' ಅಂತ ಮೆಸೇಜ್ ಬಿಟ್ಟರಂತೆ. ಬಂದ! ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್ ಕೊಟ್ಟಿದ್ದೂ ದೇವರ ಮಾತಿಗೆ ಸ್ವಲ್ಪ ತೂಕ ತಂದಿರಬೇಕು ಅನ್ನುವುದು ನನ್ನ ಅನುಮಾನ. ಇದನ್ನು ಯಜಮಾನರ ಹತ್ತಿರ ಹೇಳಿಲ್ಲ, ಹಿಮ ಇನ್ನೂ ಕರಗಿಲ್ಲ.

ಫಿಲಡೆಲ್ಫಿಯಾದವರು ಮಾತ್ರ ಅವನು ನಮ್ಮವನು ಅಂತ ಜಗಳಕ್ಕೆ ನಿಲ್ಲುತ್ತಾರೆ. ಪ್ಯಾಕರ್ಸ್‌ಗೆ ಬರುವ ಮುಂಚೆ ಅವರ ಈಗಲ್ಸ್ ತಂಡಕ್ಕೆ 121 ಪಂದ್ಯಗಳಲ್ಲಿ 124 ಸ್ಯಾಕ್, ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ. ಮುಷ್ಕರ ನಡೆದ 1987ರಲ್ಲಂತೂ 12 ಪಂದ್ಯಗಳಲ್ಲಿ 21. ನಮ್ಮ ಆಫೀಸಿನ ಫಿಲಡೆಲ್ಫಿಯಾದವರೊಬ್ಬರು ವಿಡಿಯೋ ಮೀಟಿಂಗಿನಲ್ಲಿ ಇದನ್ನು ವಿವರಿಸಲು ಹೋಗಿ ಲ್ಯಾಪ್‌ಟಾಪ್‌ಗೆ ಚಹಾ ಕುಡಿಸಿದರು. ಸಾವಿರ ಕಿಲೋಮೀಟರ್ ದೂರ ಇದ್ದದ್ದಕ್ಕೆ ನಾನು ಬಚಾವಾದೆ.

ಎಲ್ಲವನ್ನೂ ಹೊಗಳುವವರ ಮನೆಯಲ್ಲಿ ಒಬ್ಬರಾದರೂ ಬಾಯಿ ಮುಚ್ಚಿಸುವವರು ಇರಬೇಕು ನೋಡಿ. ಯಜಮಾನರ ಹೆಂಡತಿ ಆ ಪೈಕಿ. 1998ರಲ್ಲಿ ವಿಸ್ಕಾನ್ಸಿನ್ ವಿಧಾನಸಭೆಗೆ ಭಾಷಣಕ್ಕೆ ಕರೆದರೆ, ಸಲಿಂಗಿಗಳ ಬಗ್ಗೆ, ಒಂದೊಂದು ಜನಾಂಗದವರ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿದ್ದ, ಅದನ್ಯಾಕೆ ಹೇಳಲ್ಲ ನೀನು ಅಂತ ಅಡುಗೆಮನೆಯಿಂದಲೇ ಕೇಳುತ್ತಾರೆ. ಯಜಮಾನರು ಎರಡೂ ಕೈಯನ್ನು ಜೇಬಿಗೆ ಇಳಿಬಿಡುತ್ತಾರೆ. 'ಅದು ತಪ್ಪು' ಅನ್ನುತ್ತಾರೆ, ಅಷ್ಟೇ. ಸುತ್ತ ನಿಂತವರು ಕ್ಷೇಮವಾಗಿರುವುದು ಆ ಒಂದು ಗಳಿಗೆ ಮಾತ್ರ.

ಅವನು ತೀರಿಕೊಂಡಿದ್ದು 2004ರ ಡಿಸೆಂಬರ್ 26ರಂದು, ವಯಸ್ಸು ಬರೀ 43. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಒಂದು ಕಾರಣ ಇರಬಹುದು ಅಂದರು. ಆ ಸುದ್ದಿ ಕೇಳಿದ ಮೇಲೆಯೇ ನಮ್ಮ ಯಜಮಾನರ ಗೊರಕೆಗೆ ಆಕೆ ಡಾಕ್ಟರ್ ಹಿಡಿದದ್ದಂತೆ. ಈಗ ರಾತ್ರಿ ಮೂಗಿಗೆ ಮೆಷಿನ್ ಹಾಕಿಕೊಂಡು ಮಲಗುತ್ತಾರೆ.

ಪ್ರತಿ ಡಿಸೆಂಬರ್ 26ಕ್ಕೆ ಅವರ ಗ್ಯಾರೇಜಿನಲ್ಲಿ ನಾಲ್ಕಾರು ಜನ ಸೇರುತ್ತಾರೆ. 1993ರಲ್ಲಿ ಅದೇ ತಾರೀಖು, ಹಲ್ಲು ಕಟಕಟ ಅನ್ನುವ ಚಳಿಯಲ್ಲಿ, ರೆಜಿ ವೈಟ್ ಎದುರಾಳಿಯ ಕೈಜಾರಿದ ಚೆಂಡು ಹಿಡಿದು ಓಡಿ, ಇನ್ನೇನು ಸಿಕ್ಕಿಬೀಳುತ್ತೇನೆ ಅನ್ನುವಾಗ ಪಕ್ಕದಲ್ಲಿ ಬರುತ್ತಿದ್ದ ಲೆರಾಯ್ ಬಟ್ಲರ್‌ಗೆ ಎಸೆದಿದ್ದ. ಬಟ್ಲರ್ ಗೆರೆ ದಾಟಿ, ಖುಷಿ ತಡೆಯಲಾರದೆ ಪ್ರೇಕ್ಷಕರ ಗೋಡೆ ಮೇಲಕ್ಕೆ ನೆಗೆದ. ಪ್ಯಾಕರ್ಸ್ ಮೈದಾನ ಲ್ಯಾಂಬೋ ಹೆಸರಿನ ಈ ನೆಗೆತ, ಲ್ಯಾಂಬೋ ಲೀಪ್, ಹುಟ್ಟಿದ್ದು ಹಾಗೆ. ಈ ಸಲ ನಾವೂ ಹೋಗಿದ್ದೆವು, ಅಮ್ಮ ಮಾಡಿಟ್ಟು ಹೋದ ಚಕ್ಕುಲಿ ಡಬ್ಬದ ಸಮೇತ. ಯಜಮಾನರು ಕಥೆ ಹೇಳುತ್ತಾ ಹೇಳುತ್ತಾ ಡಬ್ಬವನ್ನು ಕಂಕುಳಿಗೆ ಸೇರಿಸಿಕೊಂಡರು. ನನಗೆ ಎದೆ ಧಸಕ್ಕೆಂದಿತು. ಫ್ರಿಜ್ಜಿನ ಪಕ್ಕದಿಂದ ಓಡಿ ಬಂದು, 'ಬಟ್ಲರ್!' ಅಂತ ಕೂಗಿ ಎಸೆದೇಬಿಟ್ಟರು. ಹಿಡಿದದ್ದು ನನ್ನ ಹೆಂಡತಿ. ಒಂದು ಚಕ್ಕುಲಿಯೂ ಮುರಿಯಲಿಲ್ಲ. ಗ್ಯಾರೇಜಿಗೆ ಗ್ಯಾರೇಜೇ, ನೆಗಿ ನೆಗಿ ಅಂತ ಕೂಗಿತು. ಅವಳು ಎಲ್ಲಿಗೂ ನೆಗೆಯಲಿಲ್ಲ. ಡಬ್ಬ ಎದೆಗವುಚಿಕೊಂಡು, ನೆಟ್ಟಗೆ ನಮ್ಮ ಮನೆಗೆ ನಡೆದು, ಒಳಗಿಂದ ಚಿಲಕ ಹಾಕಿಕೊಂಡಳು.