ಮಂಡಕ್ಕಿ ಡಬ್ಬದ ಬಾತುಕೋಳಿ

ಅಕ್ಕನ ಮಗಳು ಪುಟ್ಟಿಗೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಜೊತೆಗಾರ ಒಂದು ಗುಂಡುಕಲ್ಲು. ತೊಟ್ಟಿಲಿಗೆ ಹಾಕುವ ದಿನ ಹೆಂಗಸರೆಲ್ಲ ಸೇರಿ ರುಬ್ಬುವ ಗುಂಡುಕಲ್ಲಿಗೆ ಎಣ್ಣೆ ಸವರಿ, ಕುಂಕುಮ ಹಚ್ಚಿ, ಕುಲಾವಿ ಕಟ್ಟಿ, ಮಗುಗಿಂತ ಮುಂಚೆ ಅದನ್ನೇ ತೊಟ್ಟಿಲಲ್ಲಿ ಮಲಗಿಸಿದರು. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಕಲ್ಲು ಅಳಲಿಲ್ಲ, ಒದ್ದೆ ಮಾಡಲಿಲ್ಲ, ಕೈಯಿಂದ ಕೈಗೆ ಹೋಗಿ ಎಲ್ಲರ ಹತ್ತಿರವೂ ಸುಮ್ನೆ ಇತ್ತು. ಮಗು ಆಡಿಸೋದು ಇಷ್ಟೇನಾ ಅಂದುಕೊಂಡೆ. ನಾನು ಸೋದರಮಾವ. ತಿಳಿವಳಿಕೆ ಕಮ್ಮಿ.

ನಾನು ಬೆಂಗಳೂರಿನ ಕಂಪನಿಗೆ ದಾವಣಗೆರೆಯಿಂದಲೇ, ವಿದ್ಯಾನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಕೆಲಸ ಮಾಡುತ್ತೇನೆ. ಇದಕ್ಕೆ ಬೆಂಗಳೂರಲ್ಲಿ ವರ್ಕ್ ಫ್ರಂ ಹೋಮ್ ಅಂತಾರೆ. ನಮ್ಮ ಓಣಿಯಲ್ಲಿ ‘ಪಾಪ, ಹುಡುಗ ಮನೇಲೇ ಇದಾನೆ’ ಅಂತಾರೆ. ಅಕ್ಕನ ಇಪ್ಪತ್ತಾರು ವಾರದ ಹೆರಿಗೆ ರಜೆ ಮುಗಿಯುತ್ತಿದ್ದ ಹಾಗೆ, ಬೆಳಿಗ್ಗೆ ಹತ್ತಕ್ಕೆ ಮಗುನ ತಂದುಬಿಟ್ಟು ಸಂಜೆ ಆರಕ್ಕೆ ಕರೆದೊಯ್ಯುವ ಏರ್ಪಾಡಾಯಿತು. ಮಗುವಿನ ಜೊತೆ ಒಂದು ಪಟ್ಟಿಯೂ ಬಂತು. ಫ್ರಿಜ್ ಬಾಗಿಲಿಗೆ ಅಂಟಿಸಿದಳು. 10:30 ಬೋರಲು ಆಟ. 11:00 ಕನ್ನಡಿ ಆಟ. 11:30 ಬೇರೆ ಬೇರೆ ಬಟ್ಟೆ ಮುಟ್ಟಿಸುವುದು. ಕೊನೆಗೆ ಕೆಂಪು ಅಕ್ಷರದಲ್ಲಿ, ‘ಮೊಬೈಲ್ ತೋರಿಸಬಾರದು. ಮಾಮನಿಗೂ ಸೇರಿ.’

ಅಕ್ಕ ಸುಮ್ಮನೆ ಹೇಳುವವಳಲ್ಲ. ಎಲ್ಲದಕ್ಕೂ ಆಧಾರ ಇಟ್ಟುಕೊಂಡಿರುತ್ತಾಳೆ. ಅಂಬೆಗಾಲಿಡದ ಮಗು ಎಚ್ಚರ ಇದ್ದಾಗ ದಿನಕ್ಕೆ ಒಟ್ಟು ಅರ್ಧ ಗಂಟೆಯಾದರೂ ಬೋರಲು ಮಲಗಿ ಆಡಬೇಕು, ಒಂದು ವರ್ಷದೊಳಗೆ ಪರದೆ ತೋರಿಸಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆಯಂತೆ. ಮಗು ಬೋರಲು ಮಲಗಿದರೆ ಎದುರಿಗೆ ಒಬ್ಬರು ಬೋರಲು ಮಲಗಬೇಕಲ್ಲ, ಅದು ನಾನು. ಆ ಅರ್ಧ ಗಂಟೆಯಲ್ಲಿ ಪುಟ್ಟಿಯ ಕುತ್ತಿಗೆ ಗಟ್ಟಿಯಾಯಿತು, ನನ್ನದು ಹಿಡಿದುಕೊಂಡಿತು.

ಅಕ್ಕನ ಈ ಓದಿನಿಂದ ಮೊದಲು ಪೆಟ್ಟು ತಿಂದವಳು ಅವ್ವ. ಪುಟ್ಟಿ ಒಂದು ತಿಂಗಳ ಕೂಸಾಗಿದ್ದಾಗಿನ ಮಾತು. ಅವ್ವ ಎತ್ತಿಕೊಂಡರೆ ಸಾಕು, ಕಣ್ಣು ಮಿಟುಕಿಸದೆ ನೋಡುತ್ತಿತ್ತು. ‘ನೋಡ್ರಿ, ಅಜ್ಜಿ ಅಂದ್ರೆ ಹೆಂಗೆ ಗುರುತು ಹಿಡಿತೈತೆ’ ಅಂತ ಅವ್ವ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಅಕ್ಕ ಬಾಣಂತಿ ಮಂಚದಿಂದಲೇ, ‘ಅವ್ವಾ, ಈ ವಯಸ್ಸಿಗೆ ಒಂದು ಗೇಣಿನಾಚೆ ಅದಕ್ಕೆ ಸರಿಯಾಗಿ ಕಾಣಲ್ಲ. ಕಪ್ಪು ಬಿಳುಪು ಚೆನ್ನಾಗಿ ಕಾಣ್ತದೆ. ಅದು ನೋಡ್ತಿರೋದು ನಿನ್ನ ಚೌಕಳಿ ಸೀರೆ’ ಅಂದಳು. ಅವ್ವ ಮಾತಾಡಲಿಲ್ಲ. ಮಾರನೇ ದಿನ ಬಾದಾಮಿ ಬಣ್ಣದ ಖಾಲಿ ಸೀರೆ ಉಟ್ಟು ಬಂದು ಎತ್ತಿಕೊಂಡಳು. ಪುಟ್ಟಿ ಒಂದು ಸಲ ನೋಡಿ, ಕತ್ತು ತಿರುಗಿಸಿ, ಗೋಡೆಗೆ ಒಣಹಾಕಿದ್ದ ಚೌಕಳಿ ಸೀರೆಯನ್ನೇ ನೋಡತೊಡಗಿತು. ಅವ್ವ ಎರಡು ದಿನ ಅಕ್ಕನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಆ ಚೌಕಳಿ ಸೀರೆ ಬಿಟ್ಟು ಬೇರೆ ಉಡಲೂ ಇಲ್ಲ.

ಆರನೇ ತಿಂಗಳಿಗೆ ಎಲ್ಲರೂ ಆಟದ ಸಾಮಾನು ತರಲು ಶುರು ಮಾಡಿದರು. ಭಾವ ಬೆಂಗಳೂರಿಗೆ ಹೋಗಿ ಬರುವಾಗ ಚನ್ನಪಟ್ಟಣದಲ್ಲಿ ಇಳಿಯುವ ದಾರಿಯೇ ಇಲ್ಲ, ಆದರೂ ಯಾರ ಕೈಲೋ ಹೇಳಿ ಅಲ್ಲಿಯ ಗಿಲಕಿ ತರಿಸಿದರು. ಆಲೆ ಮರದ್ದು, ಅರಗಿನ ಬಣ್ಣ, ಚೂಪಿಲ್ಲ, ಮೂಲೆಯಿಲ್ಲ. ಪುಟ್ಟಿ ಅದನ್ನು ಕೈಯಲ್ಲಿ ಅಲ್ಲಾಡಿಸಿದ್ದಕ್ಕಿಂತ ವಸಡಲ್ಲಿ ಉಜ್ಜಿದ್ದೇ ಜಾಸ್ತಿ. ಇಡೀ ರಾಶಿಯಲ್ಲಿ ಮಗುವಿಗೆ ಅಂತ ತಂದಿದ್ದು ಅದೊಂದೇ. ಅಪ್ಪಾಜಿ ತಂದಿದ್ದು ಮೂರು ಗಾಲಿ ಸೈಕಲ್. ಇನ್ನೂ ನೆಟ್ಟಗೆ ಕೂರಲು ಬಾರದ ಮಗುವಿಗೆ! ಕೇಳಿದರೆ, ‘ನಾವು ಹುಡುಗರಿದ್ದಾಗ ಹಳೇ ಟೈರು ಓಡಿಸಿದೋರು ಕಣೋ’ ಅಂತ ಗಂಟೆ ಬಾರಿಸಿ ನೋಡಿದರು. ಎದುರುಮನೆ ಆಂಟಿ ವಾಕರ್ ಕೊಟ್ಟರು. ಗಾಲಿ ಇರುವ ವಾಕರ್ ಮಕ್ಕಳಿಗೆ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ, ಕೆನಡಾದಲ್ಲಂತೂ 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ವಿದ್ಯಾನಗರದ ಆಂಟಿಗೆ ಕೆನಡಾದ ಕಾನೂನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗ ಅವ್ವ ಅದರ ಮೇಲೆ ಮೊರ ಇಟ್ಟು ಸಂಡಿಗೆ ಒಣಗಿಸುತ್ತಾಳೆ. ಬಿಸಿಲು ಸರಿದಂತೆ ತಳ್ಳಿಕೊಂಡು ಹೋಗಬಹುದು, ತುಂಬ ಅನುಕೂಲ.

ನಾನು ತಂದಿದ್ದು ರಿಮೋಟ್ ಕಾರು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನಗೆ ಐದನೇ ಕ್ಲಾಸಲ್ಲಿ ಕೊಡಿಸ್ತೀನಿ ಅಂತ ಅಪ್ಪಾಜಿ ಹೇಳಿದ್ದರು, ಕೊಡಿಸಿರಲಿಲ್ಲ, ಅಷ್ಟೇ.

ಕಾರು ನೋಡಿದ ಅಕ್ಕ ನನ್ನನ್ನು ಕೂರಿಸಿ ಪಾಠ ಮಾಡಿದಳು. ಮಗು ಎಲ್ಲ ಬಾಯಿಗೆ ಹಾಕುತ್ತೆ. ಒಂದೂಕಾಲು ಇಂಚು ಅಗಲದ ಕೊಳವೆಯೊಳಗೆ ಇಳಿಯುವ ಯಾವ ವಸ್ತುವೂ ಅದರ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯಲ್ಲಿ ಪರೀಕ್ಷೆ ಮಾಡಬೇಕಂತೆ. ನಮ್ಮ ಮನೆಯಲ್ಲಿ ಟಿಶ್ಯೂ ರೋಲ್ ಎಲ್ಲಿಂದ ಬರಬೇಕು? ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಒಳಗಿನ ಅಗಲ ಸ್ಕೇಲಿನಲ್ಲಿ ಅಳೆದು, ಎರಡು ಇಂಚು ಉದ್ದದ ಪ್ಲಾಸ್ಟಿಕ್ ಪೈಪಿನ ತುಂಡು ಕತ್ತರಿಸಿಕೊಂಡೆ. ಅದನ್ನು ಜೇಬಲ್ಲಿಟ್ಟುಕೊಂಡು ಗಡಿಯಾರ ಕಂಬದ ಹತ್ತಿರದ ಆಟದ ಸಾಮಾನಿನ ಅಂಗಡಿಗೆ ಹೋದೆ.

‘ಐಎಸ್‌ಐ ಗುರುತು ಇರೋದು ಕೊಡಿ’ ಅಂದೆ. 2021ರ ಜನವರಿಯಿಂದ ಆಟಿಕೆಗಳಿಗೂ ಅದು ಕಡ್ಡಾಯ.

‘ಹೆಲ್ಮೆಟ್ಟಾ ಅಣ್ಣಾ? ಆ ಕಡೆ ಅಂಗಡಿ.’

ಮಗುವಿಗೆ ಅಂತ ಬಿಡಿಸಿ ಹೇಳಿದೆ. ಅವನು ಮೊದಲು ಜೆಸಿಬಿ ತೆಗೆದ. ಆರೂವರೆ ತಿಂಗಳು ಅಂದೆ. ‘ಮುಂದಕ್ಕೆ ಬರ್ತೈತೆ ಬಿಡ್ರಿ’ ಅಂದ. ನಾನು ಪೈಪು ತೆಗೆದು, ಜೆಸಿಬಿ ಚಕ್ರ ಅದರಲ್ಲಿ ಇಳಿಯುತ್ತಾ ನೋಡಿದೆ. ಆಮೇಲೆ ಗಿಲಕಿಯ ಮಣಿ. ಆಮೇಲೆ ಗೊಂಬೆಯ ಬೂಟು. ಅಂಗಡಿಯವನು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ, ‘ಪ್ಲಂಬಿಂಗ್ ಕೆಲಸಾನಾ ಅಣ್ಣ?’ ಅಂದ. ಪಕ್ಕದಲ್ಲಿದ್ದ ಹೆಂಗಸು ತನ್ನ ಮಗನ ಕೈ ಹಿಡಿದು ಆ ಕಡೆ ಎಳೆದುಕೊಂಡಳು.

ಕೊನೆಗೆ ಪೈಪಿನಲ್ಲಿ ಪಾಸಾಗದೆ ಪರೀಕ್ಷೆಯಲ್ಲಿ ಪಾಸಾಗಿದ್ದು ಒಂದು ಹಳದಿ ಬಾತುಕೋಳಿ. ಐಎಸ್‌ಐ ಗುರುತೂ ಇತ್ತು. ಅಂಗೈಯಗಲ, ಕಿತ್ತಳೆ ಕೊಕ್ಕು, ಎಡಗಣ್ಣಿಗಿಂತ ಬಲಗಣ್ಣು ಚೂರು ಮೇಲೆ. ಯಾವಾಗಲೂ ನಮ್ಮ ಮೇಲೆ ಏನೋ ಅನುಮಾನ ಇರುವ ಹಾಗೆ ಕಾಣುತ್ತಿತ್ತು. ಅಲ್ಲಾಡಿಸಿದರೆ ಮೂರು ಸಲ ಕ್ವ್ಯಾಕ್ ಅಂದು, ಹೊಟ್ಟೆಯಲ್ಲಿ ಕೆಂಪು ದೀಪ ಹೊತ್ತಿಸಿ, ಒಂದು ನಿಮಿಷ ಪೀಪಿ ದನಿಯಲ್ಲಿ ಹಾಡುತ್ತಿತ್ತು. ನಿಲ್ಲಿಸುವ ಸ್ವಿಚ್ ಇಲ್ಲ ಅನ್ನೋದು ಮನೆಗೆ ಬಂದ ಮೇಲೆ ಗೊತ್ತಾಯಿತು. ಬ್ಯಾಟರಿ ತೆಗೆಯೋಣ ಅಂದರೆ ಮುಚ್ಚಳಕ್ಕೆ ಸಾಸಿವೆಯಷ್ಟು ಸ್ಕ್ರೂ. ಬಟನ್ ಬ್ಯಾಟರಿ ಮಗು ನುಂಗಿದರೆ ಜೀವಕ್ಕೇ ಅಪಾಯ, ಅದಕ್ಕೇ ಸುಲಭವಾಗಿ ಬಿಚ್ಚಬಾರದು ಅಂತ ಹಾಗೆ ಮಾಡಿರುತ್ತಾರೆ. ಮಗು ಕೈಲೂ ಆಗಲಿಲ್ಲ, ನನ್ನ ಕೈಲೂ ಆಗಲಿಲ್ಲ.

ಪೈಪು ಕೈಯಲ್ಲಿತ್ತಲ್ಲ, ಮನೆಯ ಉಳಿದ ಸಾಮಾನನ್ನೂ ಒಂದು ಕೈ ನೋಡಿಯೇಬಿಡೋಣ ಅಂತ ಕೂತೆ. ಆಟದ ಸಾಮಾನು ಬಿಟ್ಟು ಮಿಕ್ಕಿದ್ದೆಲ್ಲ ಇಳಿದುಹೋಯಿತು. ಸೀಸೆಯ ಮುಚ್ಚಳ, ಅವ್ವನ ಕಾಲುಂಗುರ, ಅಂಗಿ ಗುಂಡಿ, ಶೇಂಗಾ. ಕೊನೆಗೆ ಅಪ್ಪಾಜಿಯ ಎಲೆಅಡಿಕೆ ತಟ್ಟೆಯಿಂದ ಒಂದು ಅಡಿಕೆ ತೆಗೆದು ಬಿಟ್ಟೆ. ಟಕ್ ಅಂತ ಆಚೆ ಬಿತ್ತು. ನಮ್ಮದು ಚನ್ನಗಿರಿ ಕಡೆ. ಅಡಿಕೆ ಅಪಾಯ ಅನ್ನೋದು ಒಂದೇ, ಹೆತ್ತವರಿಗೆ ಬೈಯೋದು ಒಂದೇ. ಅಪ್ಪಾಜಿ ಅಡಕತ್ತರಿ ಕೆಳಗಿಟ್ಟು ಪೈಪನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದಕ್ಕಿಂತ ಸಣ್ಣ ಪೈಪ್ ತಗೊಂಬಾ’ ಅಂದರು.

ಇನ್ನು ಬಾತುಕೋಳಿ ಮಾಡಿದ ಅನಾಹುತಕ್ಕೆ ಬರುತ್ತೇನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂವರೆ. ದಾವಣಗೆರೆ ಬಿಸಿಲು ಗೊತ್ತಲ್ಲ, ಓಣಿಯಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಅವ್ವ ಮುಕ್ಕಾಲು ಗಂಟೆ ಜೋಲಿ ತೂಗಿ ಪುಟ್ಟಿಯನ್ನು ಮಲಗಿಸಿ, ತಾನೂ ಅಲ್ಲೇ ಕೆಳಗೆ ತಲೆ ಇಟ್ಟಿದ್ದಳು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಕ್ವ್ಯಾಕ್, ಕ್ವ್ಯಾಕ್, ಕ್ವ್ಯಾಕ್.

ಅವ್ವ ಒಂದೇ ಕಣ್ಣು ತೆರೆದಳು. ಎರಡೂ ತೆರೆದಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ.

ಹೊಟ್ಟೆಗೆ ಅವುಚಿಕೊಂಡು ಓಡಿದೆ. ಓಡಿದರೆ ಅಲ್ಲಾಡುತ್ತೆ, ಅಲ್ಲಾಡಿದರೆ ಮತ್ತೆ ಮೊದಲಿಂದ ಹಾಡುತ್ತೆ. ಬಚ್ಚಲಲ್ಲಿಟ್ಟೆ, ಎರಡು ಪಟ್ಟು ಮೊಳಗಿತು. ಟವಲ್ಲಿನಲ್ಲಿ ಸುತ್ತಿದೆ, ಒಳಗಿಂದಲೇ ಹಾಡಿತು. ಅಡುಗೆಮನೆಯಲ್ಲಿ ನಿಂತು ಸುತ್ತ ನೋಡಿದಾಗ ಕಂಡಿದ್ದು ಮಂಡಕ್ಕಿ ಡಬ್ಬ. ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅರಳಿದ ಮಂಡಕ್ಕಿ ಅಂದರೆ ಒಳಗೆಲ್ಲ ಗಾಳಿ, ಥರ್ಮಾಕೋಲ್ ಇದ್ದ ಹಾಗೆ, ಶಬ್ದ ನುಂಗುತ್ತೆ ಅಂತ ಆ ಕ್ಷಣದಲ್ಲಿ ನನಗೆ ವಿಜ್ಞಾನ ಹೊಳೆಯಿತು. ಮೊಣಕೈವರೆಗೆ ಕೈ ಇಳಿಸಿ ಬಾತುಕೋಳಿಯನ್ನು ತಳಕ್ಕೆ ಹೂತು, ಮುಚ್ಚಳ ಹಾಕಿದೆ. ಎರಡು ಓಣಿ ಆಚೆ ಮದುವೆ ಮನೆ ಇದ್ದ ಹಾಗೆ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನಿಂತಿತು. ನಾನು ಮೀಟಿಂಗಿಗೆ ಕೂತೆ, ಮರೆತೆ.

ಸಂಜೆ ಐದಕ್ಕೆ ಅಕ್ಕನ ಅತ್ತೆ ಮಾವ ರಾಣೆಬೆನ್ನೂರಿನಿಂದ ಮೊಮ್ಮಗಳನ್ನು ನೋಡಲು ಬಂದರು. ದಾವಣಗೆರೆಯಲ್ಲಿ ಸಂಜೆ ಹೊತ್ತು ಬೀಗರು ಬಂದರೆ ಏನು ಕೊಡಬೇಕು ಅಂತ ಯಾರೂ ಯೋಚಿಸುವುದಿಲ್ಲ. ಅವ್ವ ಮೆಣಸಿನಕಾಯಿಗೆ ಹಿಟ್ಟು ಕಲಸಿಟ್ಟು, ಬೀಗಿತ್ತಿ ಜೊತೆ ಮಾತಾಡುತ್ತಲೇ ಡಬ್ಬವನ್ನು ಹಾಲ್‌ಗೆ ತಂದು, ಸೇರು ಹಿಡಿದು ಆಳಕ್ಕೆ ಕೈ ಹಾಕಿದಳು.

ಡಬ್ಬ ಕ್ವ್ಯಾಕ್ ಅಂದಿತು.

ಅವ್ವ ‘ಅಯ್ಯಯ್ಯಪ್ಪಾ!’ ಅಂದಳು. ಸೇರು ಮೇಲಕ್ಕೆ ಹೋಯಿತು, ಡಬ್ಬ ಪಕ್ಕಕ್ಕೆ ಉರುಳಿತು. ಹಾಲ್ ತುಂಬ ಮಂಡಕ್ಕಿ, ಅದರ ನಡುವೆ ಹೊಟ್ಟೆಯಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು, ಬಲಗಣ್ಣು ಮೇಲೆ ಮಾಡಿಕೊಂಡು, ಬಾತುಕೋಳಿ ಪೂರ್ತಿ ಹಾಡು ಹಾಡಿತು. ಬೀಗರು ಮುಗಿಯುವವರೆಗೂ ಮರ್ಯಾದೆಯಿಂದ ಕೇಳಿದರು. ಬೀಗಿತ್ತಿ ಮಾತ್ರ, ‘ದಾವಣಗೇರಿ ಮಂಡಕ್ಕಿ ರುಚಿ ಅಂತ ಕೇಳಿದ್ವಿ ಬಿಡ್ರಿ, ಹಾಡ್ತಾವು ಅಂತ ಗೊತ್ತಿರಲಿಲ್ಲ’ ಅಂದರು.

ಪುಟ್ಟಿ ಅಪ್ಪಾಜಿ ತೊಡೆಯ ಮೇಲೆ ಕೂತಿತ್ತು. ಅಲ್ಲಿವರೆಗೂ ಮುಗುಳ್ನಗುತ್ತಿತ್ತೇ ಹೊರತು ಹಾಗೆ ಹೊಟ್ಟೆ ಕುಲುಕಿಸಿ ನಕ್ಕಿದ್ದನ್ನು ನಾವು ನೋಡಿರಲಿಲ್ಲ. ಬಿಕ್ಕಳಿಕೆ ಬರುವಷ್ಟು ನಕ್ಕಿತು. ಸಾವಿರದೆಂಟುನೂರರ ಕಾರಿಗೆ ಆಕಳಿಸಿದ ಮಗು! ಎಲ್ಲರೂ ಅದನ್ನು ನೋಡಿ ನಗುತ್ತಿದ್ದರೆ ನಾನು ಮೊಣಕಾಲೂರಿ ಮಂಡಕ್ಕಿ ಬಾಚುತ್ತಿದ್ದೆ. ಒಂದೂಕಾಲು ಇಂಚಿನ ಪೈಪಿನಲ್ಲಿ ಮಂಡಕ್ಕಿ ಎಷ್ಟು ಹಿಡಿಸುತ್ತೆ ಅಂತ ಲೆಕ್ಕ ಹಾಕಲೂ ಹೆದರಿಕೆಯಾಗುತ್ತಿತ್ತು. ಸೋಫಾ ಕೆಳಗೆ ಈಗಲೂ ಒಂದೊಂದು ಸಿಗುತ್ತೆ.

ಈಗ ಪುಟ್ಟಿಗೆ ಒಂಬತ್ತು ತಿಂಗಳು. ಅಂಬೆಗಾಲು ಬಂದಿದೆ. ಕಣ್ಣಿಗೆ ಕಾಣದಿದ್ದರೂ ವಸ್ತು ಎಲ್ಲೋ ಇರುತ್ತೆ ಅನ್ನೋದು ಮಕ್ಕಳಿಗೆ ಹೆಚ್ಚುಕಮ್ಮಿ ಈ ಹೊತ್ತಿಗೆ ಗೊತ್ತಾಗುತ್ತಂತೆ. ಬಟ್ಟೆ ಕೆಳಗೆ ಆಟಿಕೆ ಬಚ್ಚಿಟ್ಟು ಹುಡುಕಿಸು ಅಂತ ಅಕ್ಕನ ಪಟ್ಟಿಯಲ್ಲೂ ಇದೆ. ನಾವು ಬಚ್ಚಿಡುವುದೇ ಬೇಕಿಲ್ಲ. ನಾಲ್ಕು ಗಂಟೆಗೆ ಅಡುಗೆಮನೆ ಬಾಗಿಲು ತೆರೆದಿದ್ದರೆ ಸೀದಾ ಡಬ್ಬದ ಹತ್ತಿರ ಹೋಗಿ ಎರಡೂ ಕೈಯಲ್ಲಿ ಬಡಿಯುತ್ತೆ. ಬಡಿದು, ಕಿವಿಗೊಟ್ಟು ಕಾಯುತ್ತೆ.

ಬಾತುಕೋಳಿಯ ಬ್ಯಾಟರಿ ಸತ್ತು ಒಂದು ತಿಂಗಳಾಗಿತ್ತು. ಡಬ್ಬ ಸುಮ್ಮನಿದ್ದರೆ ಪುಟ್ಟಿಯ ತುಟಿ ಕೆಳಕ್ಕೆ ಇಳಿಯುತ್ತೆ. ಅದು ಇಳಿದ ಮೇಲೆ ಏನಾಗುತ್ತೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಮೊದಲ ದಿನ ನಾನೇ ಡಬ್ಬದ ಹಿಂದೆ ಕುಕ್ಕರಗಾಲಲ್ಲಿ ಕೂತು ಮೂರು ಸಲ ಕ್ವ್ಯಾಕ್ ಅಂದು, ಮೂಗಿನಲ್ಲಿ ಹಾಡನ್ನೂ ಹಾಡಿದೆ. ಒಂದು ವಾರ ಹೀಗೇ ನಡೆಯಿತು. ನಾಲ್ಕರ ಮೀಟಿಂಗನ್ನು ನಾಲ್ಕೂಕಾಲಿಗೆ ಹಾಕಿಸಿಕೊಂಡೆ.

ಮೊನ್ನೆ ಇದು ಮುಗಿಯಲಿ ಅಂತ ವಾಚ್ ರಿಪೇರಿಯವನ ಹತ್ತಿರ ಹೋಗಿ ಆ ಸಾಸಿವೆ ಸ್ಕ್ರೂ ಬಿಚ್ಚಿಸಿ, ಹೊಸ ಬ್ಯಾಟರಿ ಹಾಕಿಸಿ, ಮತ್ತೆ ಬಿಗಿ ಮಾಡಿಸಿಕೊಂಡು ಬಂದೆ. ಪುಟ್ಟಿಯ ಎದುರಿಗೆ ಇಟ್ಟು ಅಲ್ಲಾಡಿಸಿದೆ. ಬಾತುಕೋಳಿ ಜೋರಾಗಿ ಹಾಡಿತು. ಪುಟ್ಟಿ ಅದನ್ನು ಒಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿ, ಡಬ್ಬದವರೆಗೆ ಅಂಬೆಗಾಲಿಟ್ಟು, ಎರಡೂ ಕೈಯಲ್ಲಿ ಬಡಿದು, ತಿರುಗಿ ನನ್ನನ್ನು ನೋಡಿತು.

ಡಬ್ಬದ ಹಿಂದೆ ಹೋಗಿ ಕೂತೆ. ಹಾಲ್‌ನಿಂದ ಅಡಕತ್ತರಿ ಶಬ್ದ ನಿಂತಿತು.

‘ಲೇ, ನಿನ್ನೆಗಿಂತ ಶ್ರುತಿ ಇಳಿದೈತೆ ನೋಡು’ ಅಂದರು ಅಪ್ಪಾಜಿ.