ಹಸಿರು ಚಹಾದ ಡೋನಟ್‌ಗೆ ಮೊಸರೂ ಬೇಡ, ಸೋಡಾವೂ ಬೇಡ

ಮೊಟ್ಟೆ ಬಳಸದ ನಮ್ಮ ಮನೆಗಳಲ್ಲಿ ಕೇಕ್ ಮಾಡಲು ಹೊರಟರೆ ಕೈ ಮೊದಲು ಹೋಗುವುದು ಮೊಸರಿನ ಪಾತ್ರೆಗೆ, ಆಮೇಲೆ ಅಡುಗೆ ಸೋಡಾದ ಡಬ್ಬಿಗೆ. ಚಾಕೊಲೇಟ್ ಕೇಕಿಗೆ, ರವೆ ಕೇಕಿಗೆ ಈ ಜೋಡಿ ಚೆನ್ನಾಗಿಯೇ ಒಗ್ಗುತ್ತದೆ. ಮಂಗಳೂರು ಬನ್ಸ್ ಉಬ್ಬುವುದೂ ಇದರಿಂದಲೇ. ಓವನ್ನಿನಲ್ಲಿ ಬೇಯಿಸುವ ಹಸಿರು ಚಹಾದ ಡೋನಟ್ಟನ್ನು ಮಾತ್ರ ಇದು ಕೆಡಿಸುತ್ತದೆ. ಟೋಕಿಯೊದಲ್ಲಿ ನೆಲೆಸಿ ಎರಡೂ ಕಡೆಯ ಅಡುಗೆಮನೆ ಬಲ್ಲ ಕನ್ನಡಿಗನಾಗಿ ನನ್ನ ಅನಿಸಿಕೆ ಇದು: ಈ ತಿಂಡಿಗೆ ಜಪಾನಿನವರ ತೂಕದ ಶಿಸ್ತು ಬೇಕು, ಹಿಟ್ಟಿನ ಹದ ನೋಡುವ ನಮ್ಮವರ ಕಣ್ಣೂ ಬೇಕು. ಮೊಸರು, ಸೋಡಾ, ಹಸಿರು ಫುಡ್ ಕಲರಿನ ಬಾಟಲಿ ಮೂರನ್ನೂ ದೂರ ಇಡಬೇಕು.

ಚಹಾದ ಪುಡಿಯ ಹಸಿರು ಎಲೆಯ ಹಸಿರೇ, ಅಂದರೆ ಕ್ಲೋರೊಫಿಲ್. ಅದರ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ. ಹುಳಿ ಮತ್ತು ಕಾವು ಒಟ್ಟಿಗೆ ಸೇರಿದರೆ ಆ ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ಕಂದುಹಸಿರಿಗೆ ತಿರುಗುತ್ತದೆ. ಹುಣಸೆರಸ ಹಾಕಿ ಬೇಯಿಸಿದ ಸೊಪ್ಪು ಮಂಕಾಗುವುದನ್ನು ನೋಡದವರು ಯಾರು? ಮೊಸರು ಮಾಡುವುದೂ ಅದನ್ನೇ. ಹಾಗಾದರೆ ಸೋಡಾ ಹಾಕಿ ಹುಳಿಯನ್ನು ಮುರಿದರಾಯಿತಲ್ಲ ಎನ್ನಬಹುದು. ಅಲ್ಲಿ ಇನ್ನೊಂದು ತೊಡಕು. ಚಹಾಕ್ಕೆ ಒಗರು ಕೊಡುವ ಕೆಟೆಚಿನ್‌ಗಳು ಕ್ಷಾರದಲ್ಲಿ ಬೇಗ ಗಾಳಿ ಹಿಡಿದು ಕಂದಾಗುತ್ತವೆ. ಸೋಡಾ ಒಂದು ಚಿಟಿಕೆ ಹೆಚ್ಚಾದರೂ ಹಿಟ್ಟು ಕೆಸರಿನ ಬಣ್ಣಕ್ಕೆ ಬರುತ್ತದೆ, ಸಾಬೂನಿನ ವಾಸನೆ ಬೇರೆ. ಬೇಕಿಂಗ್ ಪೌಡರ್‌ನಲ್ಲಿ ಹುಳಿಯೂ ಸೋಡಾವೂ ಸರಿದೂಗುವಂತೆ ಬೆರೆತಿರುವುದರಿಂದ ಈ ಕೆಲಸಕ್ಕೆ ಅದೇ ಸರಿ. ಮಜ್ಜಿಗೆ, ಸೋಡಾ ಹಾಕುವ ಅಮೆರಿಕದ ಡೋನಟ್ ವಿಧಾನಗಳನ್ನು ಹಾಗೆಯೇ ಅನುಸರಿಸಿದರೆ ನಮ್ಮ ಮೊಸರಿನ ಕೇಕಿಗೆ ಆಗುವುದೇ ಆಗುತ್ತದೆ.

ಪುಡಿಯ ವಿಷಯದಲ್ಲಿ ಊರಿನಲ್ಲಿ ಆಗುವ ದೊಡ್ಡ ತಪ್ಪು ಗ್ರೀನ್ ಟೀ ಬ್ಯಾಗ್ ಹರಿದು ಮಿಕ್ಸಿಗೆ ಹಾಕುವುದು. ಅದು ಮಾಚಾ, ಅಂದರೆ ಜಪಾನಿನ ನುಣ್ಣನೆಯ ಹಸಿರು ಚಹಾ ಪುಡಿ, ಅಲ್ಲ. ಮಾಚಾಕ್ಕಾಗಿ ಬೆಳೆಯುವ ಗಿಡಗಳಿಗೆ ಕೊಯ್ಲಿಗೆ ಮೊದಲು ಸುಮಾರು ಮೂರು ವಾರ ನೆರಳು ಕಟ್ಟುತ್ತಾರೆ. ಎಲೆಯನ್ನು ಹಬೆಯಲ್ಲಿ ಬಾಡಿಸಿ, ಸುರುಳಿ ಮಾಡದೆ ಒಣಗಿಸಿ, ದಂಟು ನರ ತೆಗೆದು, ಬೀಸುತ್ತಾರೆ. ಕ್ಯೋಟೊ ಬಳಿಯ ಉಜಿ ಮತ್ತು ಐಚಿ ಪ್ರಾಂತದ ನಿಶಿಯೊ ಇದಕ್ಕೆ ಹೆಸರಾದ ಊರುಗಳು. ಒಂದು ಬೀಸುಕಲ್ಲು ಗಂಟೆಗೆ ಸುಮಾರು 40 ಗ್ರಾಂ ಪುಡಿಯನ್ನಷ್ಟೇ ಕೊಡುತ್ತದೆ. ಟೀ ಬ್ಯಾಗಿನ ಎಲೆ ಎಷ್ಟು ಅರೆದರೂ ನಾಲಿಗೆಗೆ ಮರಳಿನಂತೆ ಸಿಗುತ್ತದೆ, ಬೆಂದ ಮೇಲೆ ಒಣಹುಲ್ಲಿನ ವಾಸನೆ ಬರುತ್ತದೆ. ಹಾಗೆಂದು ಕುಡಿಯುವ ದುಬಾರಿ ಮಾಚಾವನ್ನು ಓವನ್ನಿಗೆ ಹಾಕುವುದೂ ಸರಿಯಲ್ಲ. ಅದರ ನವಿರಾದ ಪರಿಮಳ ಕಾವಿನಲ್ಲಿ ಉಳಿಯುವುದಿಲ್ಲ. 2024ರ ಶರತ್ಕಾಲದಿಂದ ಮಾಚಾಕ್ಕೆ ಜಪಾನಿನಲ್ಲೇ ಅಭಾವ ತಲೆದೋರಿ ಬೆಲೆ ಏರಿರುವಾಗ ಅದು ಪೋಲು ಕೂಡ. ಅಡುಗೆಗೆಂದೇ ಮಾರುವ ಪುಡಿ ತನ್ನ ಕಹಿ, ಒಗರಿನಿಂದಲೇ ಸಕ್ಕರೆ ಬೆಣ್ಣೆಗಳ ನಡುವೆ ತಲೆಯೆತ್ತಿ ನಿಲ್ಲುತ್ತದೆ. ಕೊಳ್ಳುವಾಗ ಬಣ್ಣ ನೋಡಿ: ಪುಡಿ ಆಗಲೇ ಹಳದಿಗೆ ತಿರುಗಿದ್ದರೆ ಬೆಂದ ಮೇಲೆ ಹಸಿರಾಗುವ ಮಾತೇ ಇಲ್ಲ.

ಜಪಾನಿನ ಮನೆಗಳಲ್ಲಿ ಇಂಥ ಡೋನಟ್ಟನ್ನು ಯಾಕಿ ಡೋನಟ್ ಎನ್ನುತ್ತಾರೆ, ಎಣ್ಣೆಯಲ್ಲಿ ಕರಿಯದೆ ಬೇಯಿಸಿದ್ದು ಎಂದು. ಇದು ಬಳೆಯ ಆಕಾರದ ಕೇಕ್. ಕರಿದ ಡೋನಟ್ಟಿನ ಗರಿ ಸಿಪ್ಪೆಯನ್ನು ಇದರಲ್ಲಿ ಹುಡುಕಬಾರದು. ಏಳೆಂಟು ಸೆಂಟಿಮೀಟರ್ ಅಗಲದ ಆರು ಡೋನಟ್‌ಗೆ ಮೈದಾ 90 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಮಾಚಾ 6 ಗ್ರಾಂ, ಬೇಕಿಂಗ್ ಪೌಡರ್ 4 ಗ್ರಾಂ, ಒಂದು ಚಿಟಿಕೆ ಉಪ್ಪು, ಒಡೆದು ತೂಗಿದ ಮೊಟ್ಟೆ 50 ಗ್ರಾಂ, ಸಕ್ಕರೆ 55 ಗ್ರಾಂ, ಹಾಲು 60 ಮಿಲಿಲೀಟರ್, ಕರಗಿಸಿದ ಬೆಣ್ಣೆ ಅಥವಾ ವಾಸನೆಯಿಲ್ಲದ ಎಣ್ಣೆ 35 ಗ್ರಾಂ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಕಾರ್ನ್‌ಫ್ಲೋರ್ ಯಾಕೆಂದರೆ ಇಲ್ಲಿನವರು ಬಳಸುವ ಹಿಟ್ಟಿನಲ್ಲಿ ಪ್ರೋಟೀನ್ ಶೇ. 8ರ ಆಸುಪಾಸು, ನಮ್ಮ ಮೈದಾದಲ್ಲಿ ಅದಕ್ಕಿಂತ ಹೆಚ್ಚು. ಬರೀ ಮೈದಾ ಹಾಕಿದರೆ ತಿನ್ನುವಾಗ ರಬ್ಬರಿನಂತೆ ಎಳೆಯುತ್ತದೆ.

ಕಪ್ಪಿನ ಲೆಕ್ಕ ಬೇಡವೇ ಬೇಡ. ಜಪಾನಿನ ಅಳತೆ ಕಪ್ 200 ಮಿಲಿಲೀಟರ್, ಅಕ್ಕಿ ಅಳೆಯುವ ಕಪ್ 180, ಅಮೆರಿಕದ್ದು ಸುಮಾರು 240. ಒಂದು ದೇಶದ ವಿಧಾನವನ್ನು ಇನ್ನೊಂದು ದೇಶದ ಕಪ್ಪಿನಲ್ಲಿ ಅಳೆದು, ಹಿಟ್ಟು ಗಟ್ಟಿಯಾಯಿತೆಂದು ಹಾಲು ಸುರಿದು, ಆಮೇಲೆ ತೆಳ್ಳಗಾಯಿತೆಂದು ಮೈದಾ ಸೇರಿಸುವುದರಲ್ಲೇ ಅರ್ಧ ಡೋನಟ್‌ಗಳು ಹಾಳಾಗುತ್ತವೆ. ಸಾರು, ಪಲ್ಯಕ್ಕೆ ನಮ್ಮ ಅಂದಾಜು ಸಾಕು. ಇಲ್ಲಿ ಒಂದೆರಡು ಗ್ರಾಂ ಮಾಚಾ ಹೆಚ್ಚಾದರೆ ಬಾಯಿ ಒಗರೊಗರು. ಟೀ ಚಮಚೆಯಷ್ಟು ಮಾಚಾ ಸುಮಾರು 2 ಗ್ರಾಂ ತೂಗುತ್ತದೆ. ತಕ್ಕಡಿ ಇಲ್ಲದಿದ್ದರೆ ಅಷ್ಟನ್ನಾದರೂ ನೆನಪಿಡಿ.

ಒಣ ಪದಾರ್ಥಗಳನ್ನೆಲ್ಲ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಬೇಕು. ಮಾಚಾ ತನ್ನಷ್ಟಕ್ಕೆ ಗಂಟು ಕಟ್ಟುವ ಪುಡಿ. ಒದ್ದೆ ಹಿಟ್ಟಿನಲ್ಲಿ ಸೇರಿಕೊಂಡ ಗಂಟು ಎಷ್ಟು ತಿರುವಿದರೂ ಒಡೆಯುವುದಿಲ್ಲ, ಬೆಂದ ಮೇಲೆ ಕಹಿ ಚುಕ್ಕೆಯಾಗಿ ಉಳಿಯುತ್ತದೆ. ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ, ಸಕ್ಕರೆಯನ್ನು ಒಂದು ನಿಮಿಷ ಕಡೆದು, ಹಾಲು, ಬೆಣ್ಣೆ ಬೆರೆಸಿ. ಹಾಲು ಫ್ರಿಜ್ಜಿನಿಂದ ನೇರ ಬಂದಿದ್ದರೆ ಬೆಣ್ಣೆ ಹರಳುಗಟ್ಟುತ್ತದೆ. ಇದಕ್ಕೆ ಒಣ ಹಿಟ್ಟು ಸೇರಿಸಿ, ಒಣ ಪುಡಿ ಕಾಣದಾದ ಕೂಡಲೇ ಕೈ ನಿಲ್ಲಿಸಿ. ಹದ ಹೇಳಲು ಕನ್ನಡದ ಅಡುಗೆಮನೆಗೆ ಸಾಟಿಯಿಲ್ಲ: ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ, ಸೌಟಿನಿಂದ ಇಳಿಯುವಾಗ ತುಂಡಾಗದ ದಪ್ಪ ಧಾರೆ. ಆದರೆ ಇಡ್ಲಿ ಹಿಟ್ಟಿನ ಹಾಗೆ ಇಟ್ಟು ಕಾಯುವಂತಿಲ್ಲ. ಕಾಲು ಗಂಟೆಗಿಂತ ಹೆಚ್ಚು ಬಿಟ್ಟರೆ ಬೇಕಿಂಗ್ ಪೌಡರಿನ ಬಲ ಪಾತ್ರೆಯಲ್ಲೇ ಕುಗ್ಗತೊಡಗುತ್ತದೆ.

ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆ ಕತ್ತರಿಸಿ, ಬೆಣ್ಣೆ ಸವರಿದ ಅಚ್ಚಿನ ಮೂರನೇ ಎರಡು ಭಾಗಕ್ಕೆ ಹಿಂಡಿ. ಒಂದೊಂದಕ್ಕೆ 50 ಗ್ರಾಂ. ಅದಕ್ಕಿಂತ ಹೆಚ್ಚಾದರೆ ನಡುವಿನ ತೂತು ಮುಚ್ಚಿಕೊಂಡು ಬನ್ನಿನಂತಾಗುತ್ತದೆ. 170 ಡಿಗ್ರಿಯಲ್ಲಿ 11ರಿಂದ 12 ನಿಮಿಷ ಸಾಕು. ಸಿಲಿಕೋನ್ ಅಚ್ಚಿಗೆ ಕಾವು ನಿಧಾನ ಹತ್ತುತ್ತದೆ, ಎರಡು ನಿಮಿಷ ಹೆಚ್ಚು ಕೊಡಿ. ಕಪ್ಪು ಲೋಹದ ಅಚ್ಚಾದರೆ 160 ಡಿಗ್ರಿ. ಜಪಾನಿನ ಮನೆಗಳ ಚಿಕ್ಕ ಮೈಕ್ರೋವೇವ್ ಓವನ್‌ಗಳು ಬಾಗಿಲು ತೆರೆದ ಕೂಡಲೇ ತಣ್ಣಗಾಗುವುದರಿಂದ 190ಕ್ಕೆ ಕಾಯಿಸಿ, ತಟ್ಟೆ ಒಳಗಿಟ್ಟ ಮೇಲೆ 170ಕ್ಕೆ ಇಳಿಸುವುದು ಒಳ್ಳೆಯದು. ಊರಿನ ಓಟಿಜಿಯ (ಮೇಲೆ ಕೆಳಗೆ ಕಾಯುವ ಸರಳುಗಳಿರುವ ಚಿಕ್ಕ ಓವನ್) ಕಷ್ಟ ಬೇರೆ. ಅದರ ಮೇಲಿನ ಸರಳು ಡೋನಟ್ಟಿನ ನೆತ್ತಿಗೆ ಹತ್ತಿರ. ಒಳಗೆ ಬೇಯುವ ಮೊದಲೇ ಮೇಲೆ ಕಂದಾಗುತ್ತದೆ. ಮೊದಲು ಎರಡೂ ಸರಳು ಹಾಕಿ ಕಾಯಿಸಿ, ಬೇಯಿಸುವಾಗ ಕೆಳಗಿನದನ್ನಷ್ಟೇ ಉಳಿಸಿ. ಹೊಂಬಣ್ಣ ಬರಲೆಂದು ಕಾಯುವುದು ಈ ತಿಂಡಿಯಲ್ಲಿ ದೊಡ್ಡ ತಪ್ಪು, ಯಾಕೆಂದರೆ ಹೊಂಬಣ್ಣ ಬಂದಷ್ಟೂ ಹಸಿರು ಹೋಗಿರುತ್ತದೆ. ಬೆರಳಿನಿಂದ ಒತ್ತಿದರೆ ಪುಟಿದು ಬರಬೇಕು, ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟಬಾರದು. ಹೊರತೆಗೆದು ಮೂರು ನಿಮಿಷಕ್ಕೆ ಅಚ್ಚಿನಿಂದ ಬಿಡಿಸಿ ತಂತಿಯ ಜಾಲರಿಯ ಮೇಲಿಡಿ. ಬಿಸಿ ಅಚ್ಚಿನಲ್ಲೇ ಬಿಟ್ಟರೆ ತಳ ಬೆವರಿ ಒದ್ದೆಯಾಗುತ್ತದೆ.

ಮೊಟ್ಟೆ ತಿನ್ನದವರಿಗೆ ಹೇಳಬೇಕಾದದ್ದು ಇದೆ, ಯಾಕೆಂದರೆ ಮೊಸರು ಹೊಕ್ಕದ್ದೇ ಆ ದಾರಿಯಿಂದ. ಮೊಟ್ಟೆ ಬಿಟ್ಟು ಹಾಲನ್ನು 100 ಮಿಲಿಲೀಟರಿಗೆ ಏರಿಸಿ, ಹಾಲಿನ ಪುಡಿ 15 ಗ್ರಾಂ ಸೇರಿಸಿ, ಬೇಕಿಂಗ್ ಪೌಡರ್ 5 ಗ್ರಾಂ ಮಾಡಿ. ಎತ್ತರ ತುಸು ಕಡಿಮೆಯಾದರೂ ಬಣ್ಣ ಉಳಿಯುತ್ತದೆ. ಜಪಾನಿನಲ್ಲಿ ಮೆತ್ತನೆಯ ತೋಫುವನ್ನು (ಸೋಯಾ ಹಾಲಿನ ಪನೀರ್) ಅರೆದು ಡೋನಟ್‌ಗೆ ಬೆರೆಸುವ ರೂಢಿಯಿದೆ. ಹುಳಿ ಇಲ್ಲ, ತೇವ ಹಿಡಿದಿಡುತ್ತದೆ, ಚಹಾದ ರುಚಿಗೆ ಅಡ್ಡ ಬರುವುದಿಲ್ಲ. ಟೋಕಿಯೊ, ಒಸಾಕಾದ ಕನ್ನಡಿಗ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬನ್ಸ್ ನೆನಪಿಸಿಕೊಂಡು ಬಾಳೆಹಣ್ಣು ಹಾಕಿದರೆ ಚಹಾ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ.

ಜಪಾನಿನ ಪದ್ಧತಿಯೆಲ್ಲವೂ ಒಪ್ಪುವಂಥದ್ದೆಂದು ನಾನು ಹೇಳುವುದಿಲ್ಲ. ಇಲ್ಲಿ ಅವಸರಕ್ಕೆ ಹಾಟ್‌ಕೇಕ್ ಮಿಕ್ಸ್ (ಪ್ಯಾನ್‌ಕೇಕಿನ ಸಿದ್ಧ ಹಿಟ್ಟು) ಪೊಟ್ಟಣಕ್ಕೆ ಮಾಚಾ ಸುರಿದು ಮುಗಿಸುವವರು ಬಹಳ. ಆ ಮಿಕ್ಸಿನಲ್ಲಿ ಮೊದಲೇ ಸಕ್ಕರೆ, ವೆನಿಲ್ಲಾ ವಾಸನೆ ಇರುತ್ತವೆ. ಚಹಾ ಅದರ ಕೆಳಗೆ ಹೂತುಹೋಗುತ್ತದೆ. ನಮ್ಮ ಬೇಕರಿಗಳ ಪಿಸ್ತಾ ಎಸೆನ್ಸಿಗೂ ಇದಕ್ಕೂ ಫಲ ಒಂದೇ. ಗ್ರೀನ್ ಟೀ ಇದೆಯೆಂದು ಡೋನಟ್ ಪಥ್ಯದ ತಿಂಡಿ ಆಗುವುದೂ ಇಲ್ಲ. ಪ್ರತಿ ಡೋನಟ್‌ನಲ್ಲಿ ಸುಮಾರು 30 ಮಿಲಿಗ್ರಾಂ ಕೆಫೀನ್ ಇರುತ್ತದೆ, ಮಕ್ಕಳಿಗೆ ರಾತ್ರಿ ಕೊಡುವಾಗ ಗಮನದಲ್ಲಿರಲಿ.

ಅಚ್ಚು ಇಲ್ಲದವರು ಪಡ್ಡಿನ ಹೆಂಚು ಇಳಿಸಿ. ಆಕ್ಟೋಪಸ್ ತುಂಡು ಹಾಕಿದ ಉಂಡೆಗಳನ್ನು ಬೇಯಿಸುವ ಜಪಾನಿನ ತಾಕೊಯಾಕಿ ಹೆಂಚು ಅದರ ಸೋದರನಂತೆಯೇ ಇದೆ. ಇಲ್ಲಿ ಅದರಲ್ಲಿ ಪಡ್ಡು ಆಗುವಂತೆ ಊರಿನ ಪಡ್ಡಿನ ಕುಳಿಯಲ್ಲಿ ಉಂಡೆ ಡೋನಟ್ ಆಗುತ್ತದೆ. ಕುಳಿಯ ಅರ್ಧಕ್ಕೆ ಹಿಟ್ಟು, ತೀರಾ ಸಣ್ಣ ಉರಿ, ಮೇಲೆ ಮುಚ್ಚಳ, ಮೂರು ನಿಮಿಷಕ್ಕೆ ತಿರುವಿ ಇನ್ನೆರಡು ನಿಮಿಷ. ಕಾವು ಹೆಚ್ಚಾದರೆ ಸಕ್ಕರೆ ತಳ ಹಿಡಿಯುತ್ತದೆ, ಪಡ್ಡಿನ ಉರಿಗಿಂತ ಕಡಿಮೆಯಿರಲಿ.

ಕಣ್ಣಿಗೆ ಹೊಡೆಯುವ ಹಸಿರು ಬೇಕೆನ್ನುವವರು ಅದನ್ನು ಮೇಲಿನ ಲೇಪಕ್ಕೆ ಬಿಡಬೇಕು. ಅದು ಕಾವು ಕಾಣುವುದಿಲ್ಲವಲ್ಲ. ಪುಡಿ ಸಕ್ಕರೆ 60 ಗ್ರಾಂ, ಮಾಚಾ 2 ಗ್ರಾಂ ಜರಡಿ ಹಿಡಿದು, ಹಾಲು ಎರಡು ಟೀ ಚಮಚೆ ಒಂದೊಂದು ಹನಿಯಾಗಿ ಸೇರಿಸಿ. ನಿಂಬೆರಸ ಬೇಡ. ಬಿಳಿ ಚಾಕೊಲೇಟ್ ಆದರೆ 60 ಗ್ರಾಂ ಬಿಸಿನೀರಿನ ಪಾತ್ರೆಯ ಮೇಲೆ ಕರಗಿಸಿ, ಒಂದು ಟೀ ಚಮಚೆ ಎಣ್ಣೆ, 2 ಗ್ರಾಂ ಮಾಚಾ ಬೆರೆಸಿ. ಒಂದು ಹನಿ ನೀರು ತಾಗಿದರೂ ಚಾಕೊಲೇಟ್ ಗಂಟಾಗಿ ಕೂರುತ್ತದೆ. ಡೋನಟ್ ಪೂರ್ತಿ ಆರಿದ ಮೇಲಷ್ಟೇ ಅದ್ದಬೇಕು. ಬೆಳಕಿಗೂ ಈ ಹಸಿರು ಮಾಸುತ್ತದೆ, ಆದ್ದರಿಂದ ಗಾಜಿನ ಡಬ್ಬಿಯನ್ನು ಕಿಟಕಿಯ ಬಳಿ ಇಡಬೇಡಿ. ಉಳಿದ ಮಾಚಾವನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮತ್ತೆ ಬಳಸುವಾಗ ಡಬ್ಬಿಯ ತಂಪು ಪೂರ್ತಿ ಇಳಿಯುವವರೆಗೆ ಮುಚ್ಚಳ ತೆಗೆಯಬೇಡಿ. ಮಂಗಳೂರಿನ ಮಳೆಗಾಲದಲ್ಲೂ ಟೋಕಿಯೊದ ಜೂನಿನಲ್ಲೂ ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂತು ಒಂದೇ ದಿನದಲ್ಲಿ ಗಂಟು ಕಟ್ಟುತ್ತದೆ.